ಹಣದ ಕೊಂಡಿಗಳಲ್ಲಿ ಮೊತ್ತವನ್ನು ಬರೆಯತಕ್ಕ ಕ್ರಮ

ಲೆಕ್ಕದ ಪುಸ್ತಕದಲ್ಲಿ ಒಂದು ಬಿಂದುವು ಸ್ಥಳ ತಪ್ಪಿದರೆ ಮರುದಿನ ತಿದ್ದಿಕೊಳ್ಳಬಹುದು. ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯದಲ್ಲಿ ಹಾಗಲ್ಲ. ಪಾವತಿಯು ಒಮ್ಮೆ ಸ್ಥಿರಪಟ್ಟ ತರುವಾಯ ಅದನ್ನು ರದ್ದುಪಡಿಸುವ ಅಧಿಕಾರವು ಯಾರಿಗೂ ಇರುವುದಿಲ್ಲ. ಆದುದರಿಂದ ಮೊತ್ತವನ್ನು ಬರೆಯುವ ಕ್ರಮವು ಅಲ್ಪ ವಿಷಯವಲ್ಲ.

ಪಾವತಿಯ ಕೊಂಡಿಯೆಂದರೆ ಹಣ ಪಡೆಯತಕ್ಕವನ ವಿಳಾಸವನ್ನೂ ಮೊತ್ತವನ್ನೂ ಒಂದೇ ಸಾಲಿನಲ್ಲಿ ತಿಳಿಸುವ ಬರಹ. ಅದನ್ನು ಒತ್ತಿದೊಡನೆ ಕೊಡುವವನ ಫೋನು ಮೊತ್ತವನ್ನು ತಾನಾಗಿಯೇ ತುಂಬಿಕೊಳ್ಳುವುದು.

2011ರಲ್ಲಿ ಸೂಚಿತವಾದ ಬಿ.ಐ.ಪಿ. 20 ಎಂಬ ನಿಯಮದಲ್ಲಿ ಮೊತ್ತವನ್ನು ಹಲವು ವಿಧವಾಗಿ ಬರೆಯಲು ಅವಕಾಶವಿದ್ದಿತು. 20.3 ಬಿಟ್‌ಕಾಯಿನ್‌ಗೆ '20.3ಎಕ್ಸ್8' ಎಂದು, ಅಂದರೆ ಹತ್ತು ಕೋಟಿಯಿಂದ ಗುಣಿಸತಕ್ಕದ್ದೆಂದು ಬರೆಯಬಹುದಾಗಿತ್ತು. ಸಂಖ್ಯೆಯ ಮುಂದೆ ಎಕ್ಸ್ ಬಂದರೆ ಅದು ಹದಿನಾರರ ಎಣಿಕೆ. ಆಗ 40 ಎಂಬುದಕ್ಕೆ 64 ಎಂದರ್ಥ. ಒಂದೇ ಅಂಕಿಗೆ ಎರಡು ಬೆಲೆಯಾದರೆ ವ್ಯವಹಾರವು ಕೆಡುವುದು ಸಹಜ. 2012ರ ಬಿ.ಐ.ಪಿ. 21 ಈ ತೊಡಕನ್ನು ನೀಗಿಸಿತು: ಮೊತ್ತವು ಬಿಟ್‌ಕಾಯಿನ್‌ಗಳಲ್ಲಿ, ದಶಾಂಶ ಕ್ರಮದಲ್ಲಿಯೇ ಇರತಕ್ಕದ್ದು, ಭಿನ್ನಾಂಶಕ್ಕೆ ಬಿಂದುವನ್ನು ಮಾತ್ರ ಬಳಸತಕ್ಕದ್ದು, ಅಲ್ಪವಿರಾಮವು ಕೂಡದು. 50 ಎಂದರೂ 50.00 ಎಂದರೂ ಒಂದೇ, 50,000.00 ಎಂಬುದು ಅಸಿಂಧು.

ಅಲ್ಪವಿರಾಮವನ್ನು ನಿಷೇಧಿಸಿದ್ದಕ್ಕೆ ಕಾರಣವುಂಟು. ನಮ್ಮಲ್ಲಿ ಲಕ್ಷವನ್ನು 1,00,000 ಎಂದೂ ಇಂಗ್ಲೆಂಡಿನಲ್ಲಿ 100,000 ಎಂದೂ ಬರೆಯುವರು. ಜರ್ಮನಿಯಲ್ಲಿ 1,5 ಎಂದರೆ ಒಂದೂವರೆ, 1.500 ಎಂದರೆ ಸಾವಿರದ ಐನೂರು.

ಯಂತ್ರದೊಳಗಿನ ಲೆಕ್ಕಕ್ಕೆ ಇನ್ನೊಂದು ಎಚ್ಚರಿಕೆ ಬೇಕು. 1957ಕ್ಕೆ ಮುಂಚೆ ರೂಪಾಯಿಗೆ 16 ಆಣೆ, 192 ಪೈಗಳಿದ್ದವು. ರೂಪಾಯಿಯ ಮೂರನೆಯ ಒಂದು ಪಾಲು ಸರಿಯಾಗಿ 5 ಆಣೆ 4 ಪೈ. ಅದನ್ನೇ ದಶಾಂಶದಲ್ಲಿ ಬರೆದರೆ 0.333 ಎಂದು ಕೊನೆಯಿಲ್ಲದೆ ಸಾಗುವುದು. ಹಾಗೆಯೇ ಎರಡರ ಎಣಿಕೆಯನ್ನು ಬಳಸುವ ಯಂತ್ರದಲ್ಲಿ 0.1 ಎಂಬುದು ಮುಗಿಯದ ಭಿನ್ನರಾಶಿ. ಈ ಕೊರತೆಯನ್ನು ತಪ್ಪಿಸಲು ಮೊತ್ತವನ್ನು ಕಿರಿಯ ನಾಣ್ಯದ ಪೂರ್ಣಾಂಕಕ್ಕೆ ಪರಿವರ್ತಿಸಿಕೊಳ್ಳಬೇಕು. ಒಂದು ಬಿಟ್‌ಕಾಯಿನ್‌ಗೆ 10 ಕೋಟಿ ಸಾತೋಶಿಗಳು. ಹಿಂದಿನವರು ಪೈಗಳಿಗೆ ಇಳಿಸಿ ಕೂಡುತ್ತಿದ್ದುದೂ ಇದೇ ನ್ಯಾಯದಿಂದ.

ಬಿಟ್‌ಕಾಯಿನ್ ಭಾರತದಲ್ಲಿ ಶಾಸನಬದ್ಧ ನಾಣ್ಯವಲ್ಲವೆಂಬುದನ್ನು ಎಲ್ಲರೂ ನೆನಪಿನಲ್ಲಿಡತಕ್ಕದ್ದು. ಆದರೆ ಫಸಲಿನ ಹಣಕ್ಕೂ ಕೂಲಿಗೂ ಬಳಕೆಯಾಗುವ ಯು.ಪಿ.ಐ. ಕೊಂಡಿಯಲ್ಲಿಯೂ ಮೊತ್ತವು ರೂಪಾಯಿಗಳ ದಶಾಂಶದಲ್ಲಿಯೇ ಇರುವುದು. ಗ್ರಾಮದ ಮುಖಂಡರೂ ಜಮೀನುದಾರರೂ ಕೊಂಡಿಯನ್ನು ಒತ್ತಿದ ಮೇಲೆ, ಗುಪ್ತಸಂಖ್ಯೆಯನ್ನು ಕೊಡುವ ಮೊದಲು, ತೆರೆಯ ಮೇಲಿನ ಮೊತ್ತವನ್ನೂ ಬಿಂದುವಿನ ಸ್ಥಾನವನ್ನೂ ಒಮ್ಮೆ ಗಟ್ಟಿಯಾಗಿ ಓದಿ ನೋಡುವುದು ಕ್ಷೇಮಕರವು.