ರೆಕಾರ್ಡ್ ಗುಂಡಿ ಎಲ್ಲಿ ಹೋಯಿತು?

ಪ್ರಶ್ನೆ: ನಾನು ನೋಯ್ಡಾ ನಿವಾಸಿ. ದೆಹಲಿ ಕರ್ನಾಟಕ ಸಂಘದಲ್ಲಿ ನಡೆಯುವ ಉಪನ್ಯಾಸಗಳನ್ನು ಮುದ್ರಿಸಿಕೊಂಡು, ಮನೆಯ ಲ್ಯಾಪ್‌ಟಾಪಿನಲ್ಲಿ ಅಡಾಸಿಟಿ ತಂತ್ರಾಂಶ ಬಳಸಿ ಒಪ್ಪಮಾಡುತ್ತೇನೆ. ಮೊನ್ನೆ ಏನನ್ನೋ ಎಳೆದೆ, ರೆಕಾರ್ಡ್ ಗುಂಡಿಯಿದ್ದ ಪಟ್ಟಿಯೇ ಕಾಣೆಯಾಯಿತು. ಇಲ್ಲಿನ ಫಿಲ್ಮ್ ಸಿಟಿಯಲ್ಲಿ ಕೆಲಸಕ್ಕಿರುವ ನನ್ನ ತಮ್ಮ ಅಡೋಬಿ ಆಡಿಷನ್ ಬಳಸುತ್ತಾನೆ. ಅವನ ಪರದೆಯ ಜೋಡಣೆ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ, ಬೇಕೆಂದಾಗ ಹಳೆಯದಕ್ಕೆ ಮರಳುತ್ತದೆ. ನನ್ನದನ್ನೂ ಹಾಗೆ ಜೋಡಿಸಿಟ್ಟುಕೊಳ್ಳಬಹುದೇ? ಎಡವಟ್ಟಾದರೆ ಮುದ್ರಿಸಿದ ಧ್ವನಿಗೆ ತೊಂದರೆಯಾದೀತೇ?

ಉತ್ತರ: ಪಟ್ಟಿ ಕಳೆದುಕೊಂಡವರು ನೀವೊಬ್ಬರೇ ಅಲ್ಲ. ಅಡಾಸಿಟಿ ಬಳಸುವ ಬಹುತೇಕರಿಗೆ ಒಮ್ಮೆಯಾದರೂ ಹೀಗಾಗಿರುತ್ತದೆ. ಅದನ್ನು ಮರಳಿ ತರುವ ದಾರಿಯನ್ನು ಮೊದಲು ನೋಡೋಣ, ಏಕೆಂದರೆ ಮುಂದಿನ ಉಪನ್ಯಾಸ ನಮ್ಮ ವಿವರಣೆಗಾಗಿ ಕಾಯುವುದಿಲ್ಲ.

ಮೇಲಿನ ಮೆನುವಿನಲ್ಲಿ ವ್ಯೂ, ಅದರೊಳಗೆ ಟೂಲ್‌ಬಾರ್ಸ್ ಎಂಬಲ್ಲಿಗೆ ಹೋಗಿ. ಪಟ್ಟಿಗಳ ಹೆಸರುಗಳೆಲ್ಲ ಅಲ್ಲಿವೆ. ಪರದೆಯ ಮೇಲೆ ಕಾಣುತ್ತಿರುವವುಗಳ ಮುಂದೆ ಗುರುತು ಇರುತ್ತದೆ. ರೆಕಾರ್ಡ್, ಪ್ಲೇ, ಸ್ಟಾಪ್ ಗುಂಡಿಗಳು ಇರುವುದು ಟ್ರಾನ್ಸ್‌ಪೋರ್ಟ್ ಟೂಲ್‌ಬಾರಿನಲ್ಲಿ. ಅದರ ಮುಂದೆ ಗುರುತಿಲ್ಲದಿದ್ದರೆ ಒಮ್ಮೆ ಒತ್ತಿ, ಬರುತ್ತದೆ. ಗುರುತು ಇದ್ದೂ ಪಟ್ಟಿ ಕಾಣದಿದ್ದರೆ ಅದು ಪರದೆಯ ಹೊರಗೆಲ್ಲೋ ಸರಿದಿದೆ ಎಂದು ತಿಳಿಯಿರಿ. ಆಗ ಅದೇ ಮೆನುವಿನಲ್ಲಿರುವ ರೀಸೆಟ್ ಟೂಲ್‌ಬಾರ್ಸ್ ಒತ್ತಿದರೆ ಎಲ್ಲ ಪಟ್ಟಿಗಳೂ ತಂತ್ರಾಂಶವನ್ನು ಹೊಸದಾಗಿ ಹಾಕಿದಾಗ ಇದ್ದ ಜಾಗಕ್ಕೆ ಬಂದು ಕೂರುತ್ತವೆ.

ಲ್ಯಾಪ್‌ಟಾಪಿಗೆ ಇನ್ನೊಂದು ಮಾನಿಟರ್ ಜೋಡಿಸಿಕೊಳ್ಳುವ ಅಭ್ಯಾಸವಿದ್ದರೆ (ನೆಹರೂ ಪ್ಲೇಸಿನಲ್ಲಿ ಹಳೆಯ ಮಾನಿಟರುಗಳು ಸಿಗುವವರೆಗೆ ಆ ಆಸೆ ಯಾರನ್ನೂ ಬಿಡುವುದಿಲ್ಲ) ಈ ತೊಂದರೆ ಇನ್ನೂ ಸಾಮಾನ್ಯ. ಬಿಡಿಯಾಗಿ ತೇಲುವ ಪಟ್ಟಿ ಎರಡನೆಯ ಮಾನಿಟರಿನ ಮೇಲೆ ಇದ್ದಾಗ ಅದರ ತಂತಿ ಕಿತ್ತರೆ, ಪಟ್ಟಿ ಅಲ್ಲೇ ಉಳಿದುಬಿಡಬಹುದು. ವಿಂಡೋಸ್ ಬಳಸುವವರು ಕಾಣದ ದೊಡ್ಡ ವಿಂಡೋ ಒಂದನ್ನು ಆಲ್ಟ್ ಮತ್ತು ಟ್ಯಾಬ್ ಕೀಲಿಗಳಿಂದ ಆರಿಸಿ, ಶಿಫ್ಟ್, ವಿಂಡೋಸ್ ಕೀಲಿ ಮತ್ತು ಬಾಣದ ಕೀಲಿಯನ್ನು ಒಟ್ಟಿಗೆ ಒತ್ತಿದರೆ ಅದು ಒಂದು ಪರದೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಸಣ್ಣ ಪಟ್ಟಿಗಳಿಗೆ ರೀಸೆಟ್ ಮಾಡುವುದೇ ಸುಲಭ.

ಇನ್ನು ನಿಮ್ಮ ಭಯದ ವಿಷಯ. ಸಂಸದ್ ಮಾರ್ಗದ ಆಕಾಶವಾಣಿಯಿಂದ ಕನ್ನಡ ವಾರ್ತೆ ಬರುತ್ತಿದ್ದ ಟೇಪಿನ ದಿನಗಳಲ್ಲಿ ಸಂಪಾದನೆ ಎಂದರೆ ಕಾಲು ಇಂಚು ಅಗಲದ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುವುದಾಗಿತ್ತು. ಮೇಜಿನ ಮೇಲೆ ಕೈ ತಪ್ಪಿದರೆ ಧ್ವನಿಯೇ ಹೋಗುತ್ತಿತ್ತು. ಈಗ ಹಾಗಿಲ್ಲ. ಟೂಲ್‌ಬಾರ್ ಎಳೆದರೂ, ಮುಚ್ಚಿದರೂ, ಅಲೆಯ ಚಿತ್ರವನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಧ್ವನಿಯ ಒಂದು ಕಣವೂ ಬದಲಾಗುವುದಿಲ್ಲ. ಜೂಮ್ ಮಾಡಿ ಅಲೆ ದೊಡ್ಡದಾಗಿ ಕಂಡರೆ ಧ್ವನಿ ಜೋರಾಯಿತೆಂದು ಹಲವರು ತಿಳಿಯುತ್ತಾರೆ. ಕಿಟಕಿಯ ಪರದೆ ಸರಿಸಿದ ಮಾತ್ರಕ್ಕೆ ಹೊರಗಿನ ರಸ್ತೆ ಅಗಲವಾಗುವುದಿಲ್ಲ, ಇದೂ ಅಷ್ಟೇ.

ಆದರೆ ಒಂದು ಜಾಗದಲ್ಲಿ ಮಾತ್ರ ಎಚ್ಚರ ಬೇಕು, ಗೊಂದಲವಾಗುವುದೂ ಅಲ್ಲೇ. ಅಡಾಸಿಟಿಯಲ್ಲಿ ಎರಡು ಬಗೆಯ ಗುಣಾಕಾರ ಚಿಹ್ನೆಗಳಿವೆ. ತೇಲುವ ಟೂಲ್‌ಬಾರಿನ ಮೂಲೆಯಲ್ಲಿರುವುದನ್ನು ಒತ್ತಿದರೆ ಪಟ್ಟಿ ಮರೆಯಾಗುತ್ತದೆ, ಅಷ್ಟೆ. ಧ್ವನಿ ಟ್ರ್ಯಾಕಿನ ಎಡಪಟ್ಟಿಯ ಮೇಲಿರುವುದನ್ನು ಒತ್ತಿದರೆ ಆ ಟ್ರ್ಯಾಕೇ ಪ್ರಾಜೆಕ್ಟಿನಿಂದ ಅಳಿಸಿಹೋಗುತ್ತದೆ. ನೋಡಲು ಎರಡೂ ಒಂದೇ ಥರ, ಆದ್ದರಿಂದ ತಪ್ಪು ನಿಮ್ಮದೆನ್ನಲಾರೆ. ಹಾಗಾದಾಗ ಕೂಡಲೇ ಕಂಟ್ರೋಲ್ ಮತ್ತು ಝಡ್ ಒತ್ತಿ, ಟ್ರ್ಯಾಕ್ ಮರಳುತ್ತದೆ. ಜಾಗ ಉಳಿಸುವುದಷ್ಟೇ ಉದ್ದೇಶವಾದರೆ ಎಡಪಟ್ಟಿಯಲ್ಲಿನ ಸಣ್ಣ ತ್ರಿಕೋನವನ್ನು ಒತ್ತಿ ಟ್ರ್ಯಾಕನ್ನು ಮಡಚಿಡಿ.

ಈಗ ಜೋಡಣೆಗೆ ಬರೋಣ. ಪ್ರತಿ ಟೂಲ್‌ಬಾರಿನ ಎಡ ಅಂಚಿನಲ್ಲಿ ಸ್ವಲ್ಪ ಉಬ್ಬಿದಂತೆ ಕಾಣುವ ಹಿಡಿ ಇರುತ್ತದೆ. ಅದನ್ನು ಹಿಡಿದು ಎಳೆದರೆ ಪಟ್ಟಿ ಕಿತ್ತುಬರುತ್ತದೆ. ಮೇಲಿನ ಅಥವಾ ಕೆಳಗಿನ ಅಂಚಿಗೆ ಒಯ್ದು ಬಿಟ್ಟರೆ ಅಲ್ಲಿ ಅಂಟುತ್ತದೆ, ನಡುವೆ ಬಿಟ್ಟರೆ ತೇಲುತ್ತದೆ. ಮೊನ್ನೆ ನಿಮ್ಮ ಕೈಗೆ ಸಿಕ್ಕಿದ್ದು ಬಹುಶಃ ಈ ಹಿಡಿಯೇ. ಎಲ್ಲಿ ಏನಿಡಬೇಕೆಂಬುದನ್ನು ಅಂದ ನೋಡಿ ನಿರ್ಧರಿಸಬೇಡಿ. ಮುಂದಿರುವ ಕೆಲಸಕ್ಕೆ ಕಣ್ಣು ಯಾವುದನ್ನು ಹುಡುಕುತ್ತದೋ ಅದು ದೊಡ್ಡದಾಗಿರಲಿ, ಉಳಿದದ್ದು ಮರೆಯಲ್ಲಿರಲಿ. ಎಷ್ಟು ಪಟ್ಟಿ ತೆರೆದಿದ್ದರೆ ಅಷ್ಟು ಪರಿಣತಿ ಎಂಬ ಭಾವನೆ ಹೊಸಬರಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ.

ಉಪನ್ಯಾಸ ಮುದ್ರಿಸುವಾಗ ಕಣ್ಣಿಗೆ ಬೇಕಾದದ್ದು ಒಂದೇ, ರೆಕಾರ್ಡಿಂಗ್ ಮೀಟರ್. ಅದರ ಬಲ ಅಂಚನ್ನು ಎಳೆದು ಪರದೆಯ ಅಗಲಕ್ಕೂ ಹಿಗ್ಗಿಸಿ. ದೂರದಲ್ಲಿ ಕುಳಿತಿದ್ದರೂ ಕಾಣುವಂತಿರಬೇಕು. ಮಾತಿನ ಏರುಗಳು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಸೊನ್ನೆ ಮುಟ್ಟಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ, ಅದನ್ನು ಆಮೇಲೆ ಪೂರ್ತಿ ಸರಿಪಡಿಸಲಾಗದು. ಭಾಷಣಕಾರರು ಆರಂಭದಲ್ಲಿ ಮೆಲ್ಲಗೆ ಮಾತಾಡಿ, ಬಿಸಿಯೇರಿದ ಮೇಲೆ ಮೈಕಿಗೆ ಹತ್ತಿರವಾಗುವುದು ನಿಮಗೆ ತಿಳಿದದ್ದೇ.

ಕತ್ತರಿಸುವಾಗ ಮೀಟರ್ ಚಿಕ್ಕದಾದರೂ ನಡೆಯುತ್ತದೆ, ಅಲೆಯ ಚಿತ್ರಕ್ಕೆ ಜಾಗ ಬೇಕು. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಇಡೀ ಮುದ್ರಣ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತದೆ. ಜೊತೆಗೆ ಕಂಟ್ರೋಲ್ ಮತ್ತು ಬಿ ಒತ್ತಿ ಲೇಬಲ್‌ಗಳನ್ನು ಹಾಕಿಕೊಳ್ಳಿ. ಅವು ಧ್ವನಿಯ ಕೆಳಗೆ ಬೇರೆಯೇ ಸಾಲಾಗಿ ನಿಲ್ಲುತ್ತವೆ, ಕನ್ನಡದಲ್ಲೇ ಬರೆಯಬಹುದು: ‘ಚಪ್ಪಾಳೆ’, ‘ಕೆಮ್ಮು’, ‘ವಿಮಾನ’. ವಿಮಾನವನ್ನು ಬೇಕೆಂದೇ ಹೇಳಿದೆ. ಸಂಘದ ಕಟ್ಟಡ ರಾವ್ ತುಲಾರಾಂ ಮಾರ್ಗದಲ್ಲಿ, ಪಾಲಂ ಕಡೆಗೆ ಇಳಿಯುವ ವಿಮಾನಗಳಿಗೆ ದೂರವೇನಲ್ಲ. (ಹತ್ತಿರದ ಮೆಟ್ರೋ ನಿಲ್ದಾಣದ ಹೆಸರಿನಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಇರುವುದನ್ನು ನೀವು ಗಮನಿಸಿಯೇ ಇರುತ್ತೀರಿ.)

ಮೂರನೆಯದು ಗೊಣಗು ತೆಗೆಯುವ ಕೆಲಸ. ಪರದೆಯ ಜೋಡಣೆ ನಿಜವಾಗಿ ಉಪಕಾರಕ್ಕೆ ಬರುವುದು ಇಲ್ಲಿ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಧ್ವನಿವರ್ಧಕದ ತಂತಿ, ಅಗ್ಗದ ಚಾರ್ಜರ್ ಇವುಗಳಿಂದ ನುಸುಳುವ ಗುಂಯ್‌ಗುಡುವ ಸದ್ದು 50, 100, 150 ಹರ್ಟ್ಸ್‌ಗಳಲ್ಲಿ ಕೂತಿರುತ್ತದೆ. ಅಲೆಯ ಚಿತ್ರದಲ್ಲಿ ಅದನ್ನು ಬಿಡಿಸಿ ನೋಡುವುದು ಕಷ್ಟ. ಟ್ರ್ಯಾಕಿನ ಹೆಸರಿನ ಪಕ್ಕದ ಮೆನು ತೆರೆದು ಸ್ಪೆಕ್ಟ್ರೋಗ್ರಾಮ್ ಆರಿಸಿ. ಮಲ್ಟಿ ವ್ಯೂ ಆರಿಸಿದರೆ ಅಲೆ ಮತ್ತು ಸ್ಪೆಕ್ಟ್ರೋಗ್ರಾಮ್ ಎರಡೂ ಒಂದರ ಕೆಳಗೊಂದು ಕಾಣುತ್ತವೆ. ಮೊದಲಿಗೆ ಎಲ್ಲ ಗೊಣಗೂ ತಳದಲ್ಲಿ ಮುದ್ದೆಯಾಗಿ ಕಾಣುತ್ತದೆ. ಸ್ಪೆಕ್ಟ್ರೋಗ್ರಾಮಿನ ಸೆಟ್ಟಿಂಗ್ಸ್‌ನಲ್ಲಿ ಗರಿಷ್ಠ ಆವರ್ತನವನ್ನು 1,000 ಹರ್ಟ್ಸ್‌ಗೆ ಇಳಿಸಿ, ವಿಂಡೋ ಸೈಜನ್ನು 8192ಕ್ಕೆ ಏರಿಸಿ. ಆಗ ಅಡ್ಡಗೆರೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ತೋರುತ್ತವೆ.

ಇಲ್ಲಿ ಹೇಳುವ ‘ವಿಂಡೋ’ ಪರದೆಯ ವಿಂಡೋ ಅಲ್ಲ, ಗಮನಿಸಿ. ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ಧ್ವನಿಯ ತುಣುಕು ಅದು. ಸೆಕೆಂಡಿಗೆ 44,100 ಮಾದರಿಗಳಿರುವ ಮುದ್ರಣದಲ್ಲಿ 2048 ಮಾದರಿಗಳ ವಿಂಡೋ ಎಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 46. 8192 ಎಂದರೆ ಅದರ ನಾಲ್ಕು ಪಟ್ಟು. ತುಣುಕು ಉದ್ದವಾದಷ್ಟೂ ಹತ್ತಿರದ ಸ್ವರಗಳು ಬೇರೆ ಬೇರೆಯಾಗಿ ಕಾಣುತ್ತವೆ, ಆದರೆ ಯಾವ ಕ್ಷಣದಲ್ಲಿ ಸದ್ದಾಯಿತೆಂಬುದು ಮಸುಕಾಗುತ್ತದೆ. ಆದ್ದರಿಂದ ಕೆಮ್ಮು ಹುಡುಕುವಾಗ ಚಿಕ್ಕದು, ಗೊಣಗು ಹುಡುಕುವಾಗ ದೊಡ್ಡದು.

ನಿಮ್ಮ ತಮ್ಮನ ಪರದೆಯ ಗುಟ್ಟು ಬೇರೆ. ಆಡಿಷನ್‌ನಲ್ಲಿ ಪ್ರತಿ ಪ್ಯಾನೆಲ್ಲಿಗೂ ಒಂದು ಟ್ಯಾಬ್ ಇದೆ. ಅದನ್ನು ಎಳೆದು ಇನ್ನೊಂದರ ಅಂಚಿಗೆ ತಂದರೆ ಪಕ್ಕದಲ್ಲಿ ಜಾಗ ಸೀಳಿಕೊಂಡು ಕೂರುತ್ತದೆ, ನಡುವೆ ತಂದರೆ ಅದರೊಂದಿಗೆ ಒಂದೇ ಕಟ್ಟಾಗುತ್ತದೆ. ಎಲ್ಲಿ ಬೀಳುತ್ತದೆಂಬುದನ್ನು ಬಣ್ಣ ಬದಲಾದ ಜಾಗವೇ ತೋರಿಸಿಕೊಡುತ್ತದೆ. ಹೀಗೆ ಜೋಡಿಸಿದ ಮೇಲೆ ವಿಂಡೋ ಮೆನುವಿನ ವರ್ಕ್‌ಸ್ಪೇಸ್ ಅಡಿಯಲ್ಲಿ ಸೇವ್ ಆ್ಯಸ್ ನ್ಯೂ ವರ್ಕ್‌ಸ್ಪೇಸ್ ಎಂದು ಹೆಸರಿಟ್ಟು ಉಳಿಸಬಹುದು. ಕೆಟ್ಟರೆ ಅಲ್ಲೇ ಇರುವ ರೀಸೆಟ್ ಟು ಸೇವ್ಡ್ ಲೇಔಟ್ ಅದನ್ನು ಸರಿಮಾಡುತ್ತದೆ. ಈ ತಂತ್ರಾಂಶ ಮೊದಲು ಕೂಲ್ ಎಡಿಟ್ ಪ್ರೊ ಎಂದಿತ್ತು, 2003ರಲ್ಲಿ ಅಡೋಬಿಯ ಕೈಸೇರಿತು.

ಅಡಾಸಿಟಿಯ 3ನೇ ಸರಣಿಯಲ್ಲಿ ಹೀಗೆ ಹೆಸರಿಟ್ಟು ಹಲವು ಜೋಡಣೆಗಳನ್ನು ಉಳಿಸಲು ಬರುವುದಿಲ್ಲ. ಮುಚ್ಚುವಾಗ ಟೂಲ್‌ಬಾರುಗಳು ಹೇಗಿದ್ದವೋ ಹಾಗೆಯೇ ಮುಂದಿನ ಸಲ ತೆರೆದುಕೊಳ್ಳುತ್ತವೆ, ಅಷ್ಟು ಮಾತ್ರ. 2000ದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಹೊರತಂದ ಈ ಉಚಿತ ತಂತ್ರಾಂಶದ ಮೇಲೆ ಅದಕ್ಕಾಗಿ ಮುನಿಸು ಬೇಡ. ಉಪನ್ಯಾಸ ಒಪ್ಪಮಾಡುವ ಕೆಲಸಕ್ಕೆ ಮೂರು ಜೋಡಣೆಗಳ ನಡುವೆ ಕೈಯಿಂದಲೇ ಬದಲಿಸಿಕೊಳ್ಳುವುದು ಕಷ್ಟವಾಗದು. ಹೆಸರಿಟ್ಟ ಜೋಡಣೆಗಳೇ ಬೇಕೆಂದಾದರೆ ರೀಪರ್ ಎಂಬ ತಂತ್ರಾಂಶದಲ್ಲಿ ಸ್ಕ್ರೀನ್‌ಸೆಟ್ ಎಂಬ ಸೌಲಭ್ಯವಿದೆ, ಅದನ್ನು ನೋಡಬಹುದು.

ಕೊನೆಯದಾಗಿ, ನೀವು ಕೇಳದಿದ್ದರೂ ನಾಳೆ ಎದುರಾಗುವ ಸಂದೇಹ. ನಿಮ್ಮ ಪ್ರಾಜೆಕ್ಟ್ ಕಡತವನ್ನು ತಮ್ಮನ ಮನೆಯ ಕಂಪ್ಯೂಟರಿನ ಅಡಾಸಿಟಿಯಲ್ಲಿ ತೆರೆದರೆ ಟ್ರ್ಯಾಕುಗಳ ಎತ್ತರ, ಜೂಮ್, ಲೇಬಲ್‌ಗಳು ಜೊತೆಗೇ ಬರುತ್ತವೆ. ಅವು ಪ್ರಾಜೆಕ್ಟಿಗೆ ಸೇರಿದವು. ಟೂಲ್‌ಬಾರುಗಳ ಜೋಡಣೆ ಬರುವುದಿಲ್ಲ, ಅದು ಆಯಾ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಉಳಿಯುತ್ತದೆ. ಹಾಗಾಗಿ ನಿಮಗೆ ಒಪ್ಪಿಗೆಯಾದ ಜೋಡಣೆ ಸಿಕ್ಕ ದಿನ ಪರದೆಯ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳಿ. ಬೇರೆಡೆ ಅದನ್ನು ನೋಡಿಕೊಂಡು ಹೊಂದಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.