ಭಾವನದು ಬೇರೆ ಪಕ್ಷ: ಜಗಳವಾಡದೆ ರಾಜಕೀಯ ಮಾತಾಡುವುದು ಹೇಗೆ?

ಗೃಹಪ್ರವೇಶವಿರಲಿ, ತಿಥಿಯೂಟವಿರಲಿ, ನಾಲ್ಕು ಜನ ಸೇರಿದ ಕಡೆ ರಾಜಕೀಯ ಬಂದೇ ಬರುತ್ತದೆ. ಗೆದ್ದವರು, ಸೋತವರು ಯಾವುದೋ ಮದುವೆಯಲ್ಲಿ ಒಟ್ಟಿಗೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅವರ ಪರ ವಾದಿಸಿದ ಭಾವ-ಮೈದುನರು ಮಾತ್ರ ಮಾತು ಬಿಟ್ಟಿರುತ್ತಾರೆ. ಇದು ತಪ್ಪಬೇಕಾದರೆ ಹೀಗೆ ಮಾಡಿ.

1. ಹಣೆಪಟ್ಟಿ ಹಚ್ಚಬೇಡಿ. 2023ರ ವಿಧಾನಸಭೆ ಚುನಾವಣೆಯಲ್ಲಿ 224ರ ಪೈಕಿ 135 ಸ್ಥಾನ ಕಾಂಗ್ರೆಸ್‌ಗೆ ಕೊಟ್ಟ ಕರ್ನಾಟಕವೇ, ಮರುವರ್ಷ ಲೋಕಸಭೆಯ 28ರಲ್ಲಿ 17 ಬಿಜೆಪಿಗೆ, 2 ಜೆಡಿಎಸ್‌ಗೆ ಕೊಟ್ಟಿತು. ಎರಡು ಸಲ ಎರಡು ಗುಂಡಿ ಒತ್ತಿದವರು ನಿಮ್ಮ ಪಕ್ಕದಲ್ಲೇ ಕೂತಿರಬಹುದು. ‘ಭಕ್ತ’, ‘ಗುಲಾಮ’ ಎಂದಿರೋ, ಮಾತು ಅಲ್ಲಿಗೇ ಕೆಟ್ಟಿತು.

2. ನಿಮ್ಮ ಒಲವು ಮೊದಲೇ ಹೇಳಿಬಿಡಿ. ‘ನಾನು ಯಾವ ಪಕ್ಷದವನೂ ಅಲ್ಲ’ ಎಂದು ಶುರು ಮಾಡುವವರೇ ಹೆಚ್ಚು ಜಗಳ ತರುವವರು.

3. ವಿಷಯ ಚಿಕ್ಕದಿರಲಿ. ದೇಶದ ಭವಿಷ್ಯ ಒಂದು ಲೋಟ ಕಾಫಿಯಲ್ಲಿ ತೀರ್ಮಾನವಾಗದು. ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆಯನ್ನೇ ತೆಗೆದುಕೊಳ್ಳಿ: ಅತ್ತಿಗೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಏನು ಬದಲಾಯಿತು? ಉಳಿದ ಟಿಕೆಟ್ ದುಡ್ಡು ಎಲ್ಲಿಗೆ ಹೋಯಿತು? ನಿಲ್ಲಲು ಜಾಗ ಸಿಗುತ್ತಿದೆಯೇ? ಅತ್ತಿಗೆಯನ್ನೇ ಕೇಳಿ. ಪರ-ವಿರೋಧ ಎರಡಕ್ಕೂ ಬೇಕಾದ್ದು ಅವರ ಬಳಿ ಇರುತ್ತದೆ.

4. ಮೊಬೈಲ್ ಜೇಬಿನಲ್ಲೇ ಇರಲಿ. ಹೆಚ್ಚಿನವರು ಎಡವುವುದು ಇಲ್ಲೇ. ಎಲೆಯಲ್ಲಿ ಹೋಳಿಗೆ ತಣ್ಣಗಾಗುತ್ತಿರುತ್ತದೆ. ಒಬ್ಬರು ಎಡಗೈಯ ಹೆಬ್ಬೆರಳಲ್ಲಿ ಫೋನು ತಡಕಾಡಿ ‘ಇದನ್ನು ನೋಡಿ ಆಮೇಲೆ ಮಾತಾಡು’ ಎಂದು ವಿಡಿಯೊ ಹಿಡಿಯುತ್ತಾರೆ. ಎದುರಿನವರು ತಮ್ಮದೊಂದು ತೆರೆಯುತ್ತಾರೆ. ಈಗ ಮಾತಾಡುತ್ತಿರುವುದು ಎರಡು ಫೋನುಗಳು. ನೆಂಟರಿಬ್ಬರೂ ಬರೀ ವಾಲ್ಯೂಮ್ ಏರಿಸುತ್ತಿದ್ದಾರೆ. ವಾಟ್ಸ್ಆ್ಯಪ್ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಕಳಿಸಿದವರಿಗೂ ಅದರ ಮೂಲ ಗೊತ್ತಿರುವುದು ಅನುಮಾನ. ಅಂಕಿ-ಅಂಶದ ತಕರಾರು ಬಂದರೆ ‘ನಾಳೆ ಇಬ್ಬರೂ ನೋಡೋಣ’ ಎನ್ನಿ. ಅಭ್ಯರ್ಥಿಯ ಆಸ್ತಿ, ಕ್ರಿಮಿನಲ್ ಪ್ರಕರಣಗಳ ವಿವರ ಬೇಕೆಂದರೆ ಅವರೇ ಸಲ್ಲಿಸಿದ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲೇ ಸಿಗುತ್ತದೆ. ಊಟದ ನಡುವೆ ಅದೂ ಬೇಡ.

5. ಉತ್ತರ ಕೊಡುವ ಮೊದಲು ಅವರ ವಾದವನ್ನು ಒಮ್ಮೆ ನೀವೇ ಹೇಳಿ: ‘ಅಂದರೆ ಭಾವ, ಬಿಟ್ಟಿ ಕೊಟ್ಟರೆ ರಸ್ತೆಗೆ ದುಡ್ಡಿರಲ್ಲ ಅಂತೀರಿ, ಅಲ್ವಾ?’ ಅವರು ‘ಹೌದು’ ಎಂದ ಮೇಲಷ್ಟೇ ನಿಮ್ಮ ಸರದಿ.

6. ಮತ ಎಣಿಕೆಯ ದಿನ, ಗುಂಡು ಹಾಕಿದ ರಾತ್ರಿ, ಕುಟುಂಬದ ವಾಟ್ಸ್ಆ್ಯಪ್ ಗ್ರೂಪು: ಈ ಮೂರೂ ಕಡೆ ರಾಜಕೀಯ ಬೇಡವೇ ಬೇಡ. ದನಿ ಏರಿದರೆ ಮಜ್ಜಿಗೆ ಕೇಳಿ, ಮಾತು ಬದಲಿಸಿ. ಗೆಲ್ಲಲೇಬೇಕೆಂಬ ಹಟವಿದ್ದರೆ ಚುನಾವಣೆಗೇ ನಿಲ್ಲಿ.