ಹರಿಯುವ ನೀರಿನಿಂದ ವಿದ್ಯುತ್ ಮಗ್ಗದವರೆಗೆ

ಯಂತ್ರ ಖರೀದಿಯ ಸಾಲಕ್ಕಾಗಿ ಯೋಜನಾ ವರದಿ ಸಿದ್ಧಪಡಿಸುವಾಗ ನಾವು ಬೆಲೆ, ಬಡ್ಡಿ, ಸವಕಳಿಗಳನ್ನು ತಪ್ಪದೆ ಲೆಕ್ಕಿಸುತ್ತೇವೆ. ಯಂತ್ರವು ಸುಮ್ಮನೆ ನಿಲ್ಲುವ ಗಂಟೆಗಳನ್ನು ಮಾತ್ರ ಮರೆಯುತ್ತೇವೆ. ಸದಸ್ಯ ಮಿತ್ರರು ಈ ದೃಷ್ಟಿಯಿಂದ ರೇಷ್ಮೆಯ ಯಾಂತ್ರೀಕರಣದ ಇತಿಹಾಸವನ್ನು ಅವಲೋಕಿಸಬಹುದು.

ಇಂಗ್ಲೆಂಡಿನ ಡರ್ಬಿಯಲ್ಲಿ ಲೋಂಬ್ ಸೋದರರು 1721ರ ಸುಮಾರಿಗೆ ಕಟ್ಟಿದ ಗಿರಣಿಯು ಡರ್ವೆಂಟ್ ನದಿಯ ನೀರಿನಿಂದ ನಡೆಯುತ್ತಿತ್ತು. ಅಲ್ಲಿ ನಡೆಯುತ್ತಿದ್ದುದು ಹುರಿ ಮಾಡುವ ಕೆಲಸ ಮಾತ್ರ, ನೇಯ್ಗೆಯಲ್ಲ. ಇಟಲಿಯಿಂದ ತಂದ ಆ ತಂತ್ರಕ್ಕೆ 1718ರಲ್ಲಿ ಪೇಟೆಂಟ್ ದೊರೆತಿತ್ತು. 1732ರಲ್ಲಿ ಸಂಸತ್ತು ಅದನ್ನು ವಿಸ್ತರಿಸಲೊಪ್ಪದೆ, ಬದಲಿಗೆ 14,000 ಪೌಂಡ್ ಕೊಟ್ಟಿತು. ಲೆಕ್ಕಪರಿಶೋಧಕನಾದ ನನಗೆ ಇದು ನ್ಯಾಯವಾದ ಬೆಲೆಯೆಂದೇ ತೋರುತ್ತದೆ.

ನಮ್ಮ ನಾಡಿನಲ್ಲಿ ಗೋಕಾಕ ಜಲಪಾತದ ಬಳಿಯ ಹತ್ತಿ ಗಿರಣಿಯು ಇದೇ ಬಗೆಯದು. 1885ರಲ್ಲಿ ಸ್ಥಾಪಿತವಾದ ಆ ಕಂಪನಿಯ ಹೆಸರಿನಲ್ಲಿಯೇ ‘ವಾಟರ್ ಪವರ್’ ಎಂಬ ಪದಗಳಿದ್ದವು. ನೀರಿರುವೆಡೆಗೆ ಗಿರಣಿಯೇ ಹೋಗಬೇಕಾಗಿದ್ದ ಕಾಲವದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ ಮೇಲೆ ಈ ಕಟ್ಟು ಸಡಿಲವಾಯಿತು. ಕಾವೇರಿಯ ಶಕ್ತಿಯು ತಂತಿಯ ಮೂಲಕ ಊರಿಗೇ ಬಂದಿತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯು ಸ್ವಿಟ್ಜರ್ಲೆಂಡಿನಿಂದ ತರಿಸಿದ ಯಂತ್ರಮಗ್ಗಗಳೊಂದಿಗೆ ಆರಂಭವಾಯಿತು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ವಶಕ್ಕೆ ಬಂದಿತು.

ಆದರೆ ಶಕ್ತಿ ದೊರೆತ ಮಾತ್ರಕ್ಕೆ ಮಗ್ಗ ಓಡದು. ಕೈಮಗ್ಗದ ನೇಕಾರನು ನೂಲಿನ ಏರುಪೇರನ್ನು ಕೈಯಳತೆಯಲ್ಲಿಯೇ ಸರಿದೂಗಿಸಬಲ್ಲನು. ಯಂತ್ರಕ್ಕೆ ಆ ಸಹನೆಯಿಲ್ಲ. ಚರಕದಲ್ಲಿ ಬಿಚ್ಚಿದ, ದಪ್ಪ ತೆಳುವು ಬೆರೆತ ನೂಲು ಹಾಸಿನಲ್ಲಿ ಮತ್ತೆ ಮತ್ತೆ ತುಂಡಾಗುತ್ತದೆ. ಆದುದರಿಂದಲೇ ತಿರುಮಕೂಡಲು ನರಸೀಪುರದ ನೂಲು ಬಿಚ್ಚಣಿಕೆ ಘಟಕವು ಮೈಸೂರು ಕಾರ್ಖಾನೆಗೆ ಮಗ್ಗಗಳಷ್ಟೇ ಮುಖ್ಯವಾಯಿತು. ದ್ವಿತಳಿ ಗೂಡಿನಿಂದ ಸುಮಾರು ಸಾವಿರ ಮೀಟರ್ ಎಳೆ ದೊರೆಯಬಹುದು. ಬಹುತಳಿ ಗೂಡಿನಲ್ಲಿ ಅದಕ್ಕಿಂತ ಬಹಳ ಕಡಿಮೆ.

ನನ್ನ ಕಕ್ಷಿದಾರರೊಬ್ಬರು ವೇಗದ ಮಗ್ಗಗಳನ್ನು ಕೊಂಡು, ಅಗ್ಗದ ಚರಕ ನೂಲನ್ನೇ ಮುಂದುವರಿಸಿದ್ದರು. ನೂಲಿನ ಖಾತೆಯಲ್ಲಿ ಉಳಿತಾಯ ಕಾಣುತ್ತಿತ್ತು, ಸಾಲದ ಕಂತು ಮಾತ್ರ ಬಾಕಿಯಾಗುತ್ತಿತ್ತು. ಪ್ರತಿ ಮಗ್ಗಕ್ಕೂ ನಿಂತ ನಿಮಿಷಗಳನ್ನು ಬರೆಯುವ ಒಂದು ಪುಸ್ತಕವನ್ನು ಮೂರು ವಾರ ಇರಿಸಿದೆವು. ನಾಲ್ಕನೆಯ ವಾರ ಅವರೇ ನೂಲಿನ ಪೂರೈಕೆದಾರರನ್ನು ಬದಲಿಸಿದರು.